ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಗಿಟಾರ್ ಕಲಿಯೋಕೆ ಹೊರಟವರನ್ನು ಕೇಳಿ ನೋಡಿ. ಮೊದಲ ಒಂದೆರಡು ವಾರದಲ್ಲೇ ಒಂದು ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ, ಅವರ ಬೆರಳಿಗೆ ಬಂದಿರುತ್ತದೆ. ಹೆಸರು ಗೊತ್ತಿಲ್ಲದವರೂ ಅದನ್ನು ಗುನುಗುತ್ತಾರೆ. ಅದು ಈ ಆಲ್ಬಂನ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ರಿಫ್. ನಾನು ಇದನ್ನು ಮೊದಲು ಕೇಳಿದ್ದು ಹುಬ್ಬಳ್ಳಿಯ ಒಂದು ಹಾಸ್ಟೆಲ್ ರೂಮಿನಲ್ಲಿ. ಆಮೇಲೆ ಗೆಳೆಯರು, ಗೆಳೆಯರ ಮಕ್ಕಳು ಎಲ್ಲರೂ ಇದರ ಬಗ್ಗೆ ಕೇಳುತ್ತಲೇ ಬಂದಿದ್ದಾರೆ. ಜಾಸ್ತಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಯಾವ ಆಲ್ಬಂ ಇದು? ಯಾರೆಲ್ಲ ಇದ್ದಾರೆ?

ಡೀಪ್ ಪರ್ಪಲ್ ಇಂಗ್ಲೆಂಡಿನ ಬ್ಯಾಂಡ್. ‘ಮಷೀನ್ ಹೆಡ್’ ಬಂದಿದ್ದು 1972ರ ಮಾರ್ಚ್‌ನಲ್ಲಿ. ಆಗ ಬ್ಯಾಂಡ್‌ನಲ್ಲಿ ಐದು ಜನ. ಗಿಟಾರ್ ರಿಚಿ ಬ್ಲ್ಯಾಕ್‌ಮೋರ್, ಹಾಡುಗಾರಿಕೆ ಇಯಾನ್ ಗಿಲನ್, ಆರ್ಗನ್ ಜಾನ್ ಲಾರ್ಡ್, ಬೇಸ್ ರೋಜರ್ ಗ್ಲೋವರ್, ಡ್ರಮ್ಸ್ ಇಯಾನ್ ಪೇಸ್. ಬ್ಯಾಂಡ್‌ಗೆ ಎಷ್ಟೋ ಜನ ಬಂದರು, ಹೋದರು. ಅಭಿಮಾನಿಗಳು ಈ ಐದು ಜನರ ಕೂಟಕ್ಕೆ ‘ಮಾರ್ಕ್ ಟೂ’ ಅನ್ನುತ್ತಾರೆ. ಏಳೇ ಹಾಡು, 37 ನಿಮಿಷ ಚಿಲ್ಲರೆ. ಬ್ರಿಟನ್‌ನಲ್ಲಿ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ ಏಳನೇ ಸ್ಥಾನದವರೆಗೆ.

‘ಮಷೀನ್ ಹೆಡ್’ ಅಂದರೆ ಏನು?

ಗಿಟಾರ್‌ನ ತುದಿಯಲ್ಲಿ ತಂತಿ ಬಿಗಿ ಮಾಡುವ ಕಿವಿಗಳಿರುತ್ತವಲ್ಲ, ಅದೇ. ನಮ್ಮ ವೀಣೆಯ ಬಿರಡೆ ಮಾಡುವ ಕೆಲಸವನ್ನೇ ಗಿಟಾರ್‌ನಲ್ಲಿ ಅದು ಮಾಡುತ್ತದೆ.

ಕ್ಯಾಸಿನೋಗೆ ಬೆಂಕಿ ಬಿದ್ದ ಕತೆ ನಿಜವಾ?

ಪೂರ್ತಿ ನಿಜ. ‘ಸ್ಮೋಕ್ ಆನ್ ದ ವಾಟರ್’ ಹಾಡು ಹೇಳೋದು ಅದನ್ನೇ. ಅದನ್ನು ಕಟ್ಟುಕತೆ ಅಂದುಕೊಂಡವರು ಬಹಳ ಜನ ಇದ್ದಾರೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1971ರ ಡಿಸೆಂಬರ್. ಬ್ಯಾಂಡ್ ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರಿಗೆ ಬಂದಿತ್ತು. ಜಿನೀವಾ ಸರೋವರದ ದಂಡೆಯ ಊರು ಅದು. ಅಲ್ಲಿನ ಕ್ಯಾಸಿನೋದಲ್ಲಿ ಸಂಗೀತ ಕಛೇರಿಗಳು ನಡೆಯುತ್ತಿದ್ದವು. ಚಳಿಗಾಲಕ್ಕೆ ಅದು ಮುಚ್ಚಿದ ಮೇಲೆ ಖಾಲಿ ಹಾಲ್‌ನಲ್ಲಿ ಆಲ್ಬಂ ರೆಕಾರ್ಡ್ ಮಾಡೋಣ ಅಂತ ಇವರ ಲೆಕ್ಕ. ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ಗೆ ಸೇರಿದ ಲಾರಿಯೊಂದಿತ್ತು, ಒಳಗೆ ಇಡೀ ಸ್ಟುಡಿಯೋ ಕೂರಿಸಿದ್ದರು. ಅದನ್ನು ಬಾಡಿಗೆಗೆ ತಂದಿದ್ದರು.

ಮುಚ್ಚುವ ಮುಂಚಿನ ಕೊನೆಯ ಕಛೇರಿ ಡಿಸೆಂಬರ್ 4ರಂದು, ಫ್ರಾಂಕ್ ಜಪ್ಪಾ ಮತ್ತು ಅವರ ಮದರ್ಸ್ ಆಫ್ ಇನ್ವೆನ್ಶನ್ ಬ್ಯಾಂಡ್‌ದು. ಡೀಪ್ ಪರ್ಪಲ್‌ನವರೂ ಕೇಳೋಕೆ ಹೋಗಿದ್ದರು. ಕಛೇರಿ ನಡೀತಾ ಇರುವಾಗಲೇ ಜನರ ನಡುವಿನಿಂದ ಯಾರೋ ಫ್ಲೇರ್ ಗನ್ ಹಾರಿಸಿದ. ಹಡಗಿನವರು ಆಪತ್ತಿನಲ್ಲಿ ಆಕಾಶಕ್ಕೆ ಬೆಳಕು ಹಾರಿಸುವ ಪಿಸ್ತೂಲು ಅದು. ಚಾವಣಿಗೆ ಕಿಡಿ ತಗಲಿತು, ಕಟ್ಟಡ ಪೂರ್ತಿ ಸುಟ್ಟುಹೋಯಿತು. ಜಪ್ಪಾ ಬ್ಯಾಂಡ್‌ನ ವಾದ್ಯಗಳೂ ಹೋದವು. ಜೀವ ಮಾತ್ರ ಒಂದೂ ಹೋಗಲಿಲ್ಲ. ಊರಿನ ಸಂಗೀತೋತ್ಸವ ನಡೆಸುತ್ತಿದ್ದ ಕ್ಲೋಡ್ ನೋಬ್ಸ್ ಒಳಗೆ ಹೊರಗೆ ಓಡಾಡಿ ಹುಡುಗರನ್ನು ಎಳೆದು ತಂದರು. ಹಾಡಿನಲ್ಲಿ ಬರುವ ‘ಫಂಕಿ ಕ್ಲೋಡ್’ ಅವರೇ.

ಹೊರಗೆ ಬಂದ ಡೀಪ್ ಪರ್ಪಲ್‌ನವರು ಹೋಟೆಲಿನಿಂದ ನೋಡುತ್ತಿದ್ದರು. ಹೊಗೆ ಸರೋವರದ ನೀರಿನ ಮೇಲೆ ಹಬ್ಬಿಕೊಂಡಿತ್ತು. ಒಂದೆರಡು ದಿನ ಆದ ಮೇಲೆ ರೋಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ಅವರ ಬಾಯಲ್ಲಿ ಆ ಮಾತು ತಾನಾಗಿ ಬಂತು: ಸ್ಮೋಕ್ ಆನ್ ದ ವಾಟರ್. ಅದನ್ನು ಹಾಡಿನ ಹೆಸರು ಮಾಡೋಕೆ ಬ್ಯಾಂಡ್ ಮೊದಲು ಹಿಂದೆಮುಂದೆ ನೋಡಿತು. ಮಾದಕ ವಸ್ತುವಿನ ಹಾಡು ಅಂತ ಜನ ತಿಳಿಯುತ್ತಾರೆ ಅನ್ನೋ ಅಳುಕು.

ಕ್ಯಾಸಿನೋ ಹೋದ ಮೇಲೆ ಎಲ್ಲಿ ರೆಕಾರ್ಡ್ ಮಾಡಿದರು?

ಮೊದಲು ಊರಿನೊಳಗೇ ಇದ್ದ ಪೆವಿಲಿಯನ್ ಅನ್ನೋ ಥಿಯೇಟರ್‌ನಲ್ಲಿ. ರಾತ್ರಿ ಹೊತ್ತು ಶುರು ಮಾಡಿದರು. ಬ್ಲ್ಯಾಕ್‌ಮೋರ್ ಒಂದು ರಿಫ್ ತೆಗೆದರು, ಎಲ್ಲರೂ ಸೇರಿಕೊಂಡರು. ಸುತ್ತಮುತ್ತಲಿನ ಮನೆಯವರು ಎದ್ದು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಬಂದು ಹೊರಗೆ ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ಬ್ಯಾಂಡ್‌ನ ಕೆಲಸದ ಹುಡುಗರು ಅದೇ ಬಾಗಿಲನ್ನು ಒತ್ತಿ ಹಿಡಿದಿದ್ದಾರೆ. ಟೇಕ್ ಮುಗಿಯುವವರೆಗೆ ಹಾಗೇ ಹಿಡಿದಿದ್ದರು. ಆ ರಾತ್ರಿ ಟೇಪಿಗೆ ಬಿದ್ದ ಒಂದೇ ಒಂದು ಟ್ರ್ಯಾಕ್‌ಗೆ ಆಗ ಹೆಸರೂ ಇರಲಿಲ್ಲ, ಮಾತೂ ಇರಲಿಲ್ಲ. ಕೊನೆಗೆ ಆಲ್ಬಂಗೆ ಹಾಡು ಸಾಲದೆ ಬಂದಾಗ ಅದನ್ನು ಹೊರಗೆ ತೆಗೆದು, ಬೆಂಕಿಯ ಕತೆಯನ್ನು ಅದಕ್ಕೆ ಸೇರಿಸಿದರು. ಬಾಗಿಲು ಐದು ನಿಮಿಷ ಮೊದಲೇ ತೆರೆದಿದ್ದರೆ ರಾಕ್ ಲೋಕದ ಅತಿ ಹೆಸರಾದ ರಿಫ್ ನಮ್ಮ ಕೈಗೆ ಹೀಗೆ ಸಿಗುತ್ತಿರಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೆವಿಲಿಯನ್‌ನಿಂದ ಹೊರಬಿದ್ದ ಮೇಲೆ ಸಿಕ್ಕಿದ್ದು ಗ್ರಾಂಡ್ ಹೋಟೆಲ್. ಚಳಿಗಾಲಕ್ಕೆ ಮುಚ್ಚಿದ್ದ, ಜನ ಇಲ್ಲದ ದೊಡ್ಡ ಕಟ್ಟಡ. ಅದರ ಒಂದು ಓಣಿಯಂಥ ಕಾರಿಡಾರ್‌ನಲ್ಲಿ ವಾದ್ಯ ಇಟ್ಟರು. ಸದ್ದು ಚದುರದ ಹಾಗೆ ರೂಮುಗಳ ಹಾಸಿಗೆಗಳನ್ನು ಎಳೆದು ತಂದು ಅಡ್ಡ ನಿಲ್ಲಿಸಿದರು. ಲಾರಿ ಹೊರಗಡೆ. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ರೂಮು ದಾಟಿ, ಬಾತ್‌ರೂಮು ದಾಟಿ, ಬಾಲ್ಕನಿ ಹತ್ತಿಳಿದು, ಚಳಿಯಲ್ಲಿ ಅಂಗಳ ದಾಟಿ ಹೋಗಬೇಕು. ಎರಡು ಮೂರು ಸಲ ಹೋಗಿ ಬಂದರು. ಆಮೇಲೆ ಹೋಗೋದನ್ನೇ ಬಿಟ್ಟರು. ಚೆನ್ನಾಗಿ ಬಂತು ಅಂತ ತಮಗೇ ಅನ್ನಿಸುವವರೆಗೆ ನುಡಿಸೋದು, ಮುಂದಿನ ಹಾಡಿಗೆ ಹೋಗೋದು.

ಆಲ್ಬಂನ ಜೀವ ಇರೋದು ಇಲ್ಲೇ ಅಂತ ನನ್ನ ನಂಬಿಕೆ. ಐದು ಜನ ಒಂದೇ ಕಡೆ ನಿಂತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ ಸದ್ದು ಅದು. ತಿದ್ದಿ ತೀಡಿ ನುಣುಪು ಮಾಡೋಕೆ ಅವಕಾಶ ಕಡಿಮೆ ಇತ್ತು. ಆದ್ದರಿಂದಲೇ ಕೇಳಿದವನಿಗೆ ‘ನಾನೂ ನಾಲ್ಕು ಜನರನ್ನು ಕಟ್ಟಿಕೊಂಡು ಹೀಗೆ ನುಡಿಸಬೇಕು’ ಅನ್ನಿಸುತ್ತದೆ. ಡಿಸೆಂಬರ್ 6ರಿಂದ 21, ಬರೀ ಎರಡು ವಾರದ ಕೆಲಸ.

ಆ ರಿಫ್‌ನಲ್ಲಿ ಅಂಥದ್ದೇನಿದೆ? ಅಷ್ಟು ಸುಲಭ ಇದೆಯಲ್ಲ!

ಸುಲಭ ಇದೆ, ಅದೇ ಅದರ ದೊಡ್ಡತನ. ನಮ್ಮ ಸ್ವರಗಳಲ್ಲಿ ಹೇಳಿ ನೋಡೋಣ. ‘ಜಿ’ ಸ್ವರವನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಸ ಗ ಮ. ಮತ್ತೆ ಸ ಗ, ಆಮೇಲೆ ಒಂದು ಮೆಟ್ಟಿಲು ಮೇಲಿನ ಮ, ಕೂಡಲೇ ಕೆಳಗಿನ ಮ. ಮತ್ತೆ ಸ ಗ ಮ, ಗ ಸ. ಅಷ್ಟೇ. ಗಾಂಧಾರ ಸಾಧಾರಣ ಗಾಂಧಾರ. ಮಧ್ಯಮ ಮಾತ್ರ ಎರಡೂ ಇವೆ: ಶುದ್ಧ ಮಧ್ಯಮ, ಪ್ರತಿ ಮಧ್ಯಮ. ಎರಡು ಮಧ್ಯಮ ಪಕ್ಕಪಕ್ಕದಲ್ಲೇ ಬರೋದನ್ನು ಹಿಂದೂಸ್ತಾನಿಯ ಲಲಿತ್ ರಾಗ ಕೇಳಿದವರು ಬಲ್ಲರು. ರಾಗಕ್ಕೂ ಈ ರಿಫ್‌ಗೂ ಸಂಬಂಧ ಏನಿಲ್ಲ, ಇದು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಮನೆಯ ಸ್ವರ. ಆದರೆ ಆ ಪ್ರತಿ ಮಧ್ಯಮ ತಾಗಿ ಕೆಳಗೆ ಜಾರುವಾಗ ಎದೆಯಲ್ಲಿ ಏನೋ ಎಳೆದ ಹಾಗೆ ಆಗುತ್ತದಲ್ಲ, ಅದನ್ನು ನಮ್ಮ ಕಿವಿ ತಕ್ಷಣ ಗುರುತಿಸುತ್ತದೆ.

ಇನ್ನೊಂದು ಗುಟ್ಟು ಇದೆ. ಬ್ಲ್ಯಾಕ್‌ಮೋರ್ ಒಂದೊಂದೇ ಸ್ವರ ನುಡಿಸುವುದಿಲ್ಲ. ಎರಡು ತಂತಿ ಒಟ್ಟಿಗೆ. ಸ ಜೊತೆಗೆ ಕೆಳಗಿನ ಪ, ಗ ಜೊತೆಗೆ ಕೆಳಗಿನ ನಿ, ಮ ಜೊತೆಗೆ ಸ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಳಸದೆ ಬೆರಳಿನಿಂದಲೇ ಎರಡೂ ತಂತಿಯನ್ನು ಒಂದೇ ಸಲ ಚಿಮ್ಮುತ್ತಾರೆ. ಪಿಕ್‌ನಲ್ಲಿ ಎಳೆದರೆ ಒಂದು ತಂತಿ ಮೊದಲು, ಇನ್ನೊಂದು ಆಮೇಲೆ ಸದ್ದು ಮಾಡುತ್ತದೆ. ಬೆರಳಲ್ಲಿ ಎರಡೂ ಒಂದೇ ಏಟಿಗೆ ಬರುತ್ತವೆ, ಗಂಟೆಗೆ ಹೊಡೆದ ಹಾಗೆ.

ಜೊತೆಗೆ ಹಾಡು ಕಟ್ಟಿಕೊಂಡು ಬರುವ ರೀತಿ ನೋಡಿ. ಮೊದಲು ಗಿಟಾರ್ ಒಂದೇ. ಆಮೇಲೆ ಪೇಸ್ ಅವರ ಹೈ-ಹ್ಯಾಟ್ ತಟ್ಟು, ಅಂದರೆ ಡ್ರಮ್ಸ್‌ನ ಜೋಡಿ ತಾಳದ ಸದ್ದು. ಆಮೇಲೆ ಡ್ರಮ್ಸ್ ಪೂರ್ತಿ. ಬೇಸ್ ಬರುವ ಹೊತ್ತಿಗೆ ನೆಲವೇ ಎದ್ದು ಬಂದ ಹಾಗೆ ಇರುತ್ತದೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ ಅನ್ನು ಗಿಟಾರ್‌ನವರು ಬಳಸುವ ಮಾರ್ಷಲ್ ಆಂಪ್‌ಗೆ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಜೋಡಿಸಿದ್ದರು. ಹಾಗಾಗಿ ಆ ಆರ್ಗನ್ ಚರ್ಚಿನದ್ದರ ಹಾಗೆ ಹಾಡುವುದಿಲ್ಲ, ಗಿಟಾರ್ ಜೊತೆ ಹೆಗಲಿಗೆ ಹೆಗಲು ಕೊಟ್ಟು ಗುಡುಗುತ್ತದೆ. ಎಷ್ಟೋ ಜನ ‘ಎಂಥ ದಪ್ಪ ಗಿಟಾರ್ ಸದ್ದು’ ಅಂತ ಮೆಚ್ಚುವುದರಲ್ಲಿ ಅರ್ಧ ಪಾಲು ಆ ಆರ್ಗನ್‌ದು.

ಇದು ದೊಡ್ಡ ಹಿಟ್ ಆಗುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?

ಇಲ್ಲ. ಅವರು ನಂಬಿದ್ದು ‘ನೆವರ್ ಬಿಫೋರ್’ ಹಾಡನ್ನು. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಪುಟ್ಟ ರೆಕಾರ್ಡ್ ಆಗಿ, ಮೊದಲು ಬಂದಿದ್ದೂ ಅದೇ. ‘ಸ್ಮೋಕ್’ ಅಮೆರಿಕದಲ್ಲಿ ಸಿಂಗಲ್ ಆಗಿ ಬರೋಕೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. 1973ರಲ್ಲಿ ಬಂತು, ಅಲ್ಲಿನ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ಕಛೇರಿಗಳಲ್ಲಿ ಕೇಳಿದ ಜನ ಅದನ್ನು ಎತ್ತಿ ಹಿಡಿದರು.

‘ಸ್ಮೋಕ್’ ಬಿಟ್ಟರೆ ಆಲ್ಬಂನಲ್ಲಿ ಬೇರೇನಿದೆ?

ಬಹಳ ಇದೆ. ಸುಮ್ನೆ ಆ ಒಂದು ಹಾಡು ಕೇಳಿ ಬಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮೊದಲ ಹಾಡು ‘ಹೈವೇ ಸ್ಟಾರ್’. 1971ರಲ್ಲಿ ಬ್ಯಾಂಡ್ ಬಸ್ಸಿನಲ್ಲಿ ಪೋರ್ಟ್ಸ್‌ಮತ್ ಊರಿಗೆ ಹೋಗುವಾಗ ಪತ್ರಕರ್ತರೊಬ್ಬರು ‘ನೀವು ಹಾಡು ಹೇಗೆ ಕಟ್ಟುತ್ತೀರಿ’ ಅಂತ ಕೇಳಿದರಂತೆ. ಬ್ಲ್ಯಾಕ್‌ಮೋರ್ ಗಿಟಾರ್ ತಗೊಂಡು ‘ಹೀಗೆ’ ಅಂತ ಶುರು ಮಾಡಿದರು, ಗಿಲನ್ ಅಲ್ಲೇ ಮಾತು ಸೇರಿಸಿದರು. ಅದರ ಗಿಟಾರ್ ಸೋಲೋವನ್ನು (ಒಂದೇ ವಾದ್ಯ ಮುಂದೆ ನಿಂತು ನುಡಿಯುವ ಭಾಗ) ಬ್ಲ್ಯಾಕ್‌ಮೋರ್ ಆ ಕ್ಷಣಕ್ಕೆ ತೋಚಿದ ಹಾಗೆ ನುಡಿಸಿದ್ದಲ್ಲ. ಸ್ವರ ಸ್ವರ ಕೂಡಿಸಿ ಮೊದಲೇ ಸಿದ್ಧ ಮಾಡಿದ್ದರು. ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ಅವರ ಸ್ವರಜೋಡಣೆಯ ಜಾಡು ಅದರಲ್ಲಿದೆ. ರಾಕ್ ಗಿಟಾರ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಓಟ ಅಂತ ಮುಂದೆ ಒಂದು ಪಂಥವೇ ಬೆಳೆಯಿತಲ್ಲ, ಅದರ ಒಂದು ಬೇರು ಇಲ್ಲಿದೆ. ಆ ಪಂಥದ ದೊಡ್ಡ ಹೆಸರು ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್. ಅವರ ಮೇಲೆ ಬ್ಲ್ಯಾಕ್‌ಮೋರ್ ಪ್ರಭಾವ ಎದ್ದು ಕಾಣುತ್ತದೆ.

‘ಪಿಕ್ಚರ್ಸ್ ಆಫ್ ಹೋಮ್’ ಡ್ರಮ್ಸ್‌ನಿಂದ ಶುರುವಾಗುತ್ತದೆ, ನಡುವೆ ಗ್ಲೋವರ್ ಅವರಿಗೆ ಪುಟ್ಟ ಬೇಸ್ ಸೋಲೋ ಇದೆ. ‘ಲೇಜಿ’ ಏಳು ನಿಮಿಷದ್ದು. ಆರ್ಗನ್ ಒಂಟಿಯಾಗಿ ಎದ್ದು, ನಿಧಾನಕ್ಕೆ ಬ್ಲೂಸ್‌ಗೆ ಇಳಿಯುತ್ತದೆ. ಗಿಲನ್ ಅದರಲ್ಲಿ ಮೌತ್ ಆರ್ಗನ್ ಕೂಡ ನುಡಿಸಿದ್ದಾರೆ. ನನ್ನನ್ನು ಕೇಳಿದರೆ ಇಡೀ ಆಲ್ಬಂನಲ್ಲಿ ಸಂಗೀತದ ದೃಷ್ಟಿಯಿಂದ ತೂಕದ ಹಾಡು ಇದೇ. ‘ಮೇಬಿ ಐ ಆ್ಯಮ್ ಅ ಲಿಯೋ’ ತಾಳದ ಮೊದಲ ಏಟಿನ ಮೇಲೆ ಎದ್ದು ಬರುವುದಿಲ್ಲ. ತಾಳ ಶುರುವಾದ ಮೇಲೆ ಎತ್ತಿಕೊಳ್ಳುವ ಅನಾಗತ ಎಡುಪಿನ ಕೃತಿ ಕೇಳಿದವರಿಗೆ ಆ ತಡದ ರುಚಿ ಗೊತ್ತಿರುತ್ತದೆ. ಕೊನೆಯ ‘ಸ್ಪೇಸ್ ಟ್ರಕಿಂಗ್’ ಇಲ್ಲಿ ನಾಲ್ಕೂವರೆ ನಿಮಿಷ. ಕಛೇರಿಯಲ್ಲಿ ಅದು ಇಪ್ಪತ್ತು ನಿಮಿಷ ದಾಟುತ್ತಿತ್ತು.

ಪ್ರಭಾವ ಪ್ರಭಾವ ಅಂತಾರೆ. ಯಾರ ಮೇಲೆ, ಹೇಗೆ?

ಪ್ರಭಾವ ಮನುಷ್ಯರ ಮೂಲಕ ಹರಿಯುತ್ತದೆ. ಇಬ್ಬರು ಮನುಷ್ಯರನ್ನು ಹಿಡಿದು ಹೋದರೆ ಚೆನ್ನಾಗಿ ಕಾಣುತ್ತದೆ.

ಒಬ್ಬರು ಮಾರ್ಟಿನ್ ಬರ್ಚ್. ಆ ಲಾರಿಯೊಳಗೆ ಕೂತು ‘ಮಷೀನ್ ಹೆಡ್’ ರೆಕಾರ್ಡ್ ಮಾಡಿದ ಎಂಜಿನಿಯರ್. ಹಾಸಿಗೆ ಅಡ್ಡ ಇಟ್ಟ ಕಾರಿಡಾರ್‌ನಿಂದ ಅಷ್ಟು ಸ್ವಚ್ಛ, ಅಷ್ಟು ಗಟ್ಟಿ ಸದ್ದು ಹಿಡಿದವರು ಇವರು. ಮುಂದೆ 1980ರಲ್ಲಿ ಬ್ಲ್ಯಾಕ್ ಸಬತ್ ಬ್ಯಾಂಡ್‌ನ ‘ಹೆವನ್ ಆ್ಯಂಡ್ ಹೆಲ್’ ಆಲ್ಬಂ ನಿರ್ಮಿಸಿದರು. 1981ರಿಂದ 1992ರವರೆಗೆ ಐರನ್ ಮೇಡನ್ ಬ್ಯಾಂಡ್‌ನ ಆಲ್ಬಂಗಳ ಹಿಂದೆ ನಿಂತವರೂ ಇವರೇ. ಒಂದು ಪೀಳಿಗೆ ಹೆವಿ ಮೆಟಲ್ (ಹಾರ್ಡ್ ರಾಕ್‌ಗಿಂತಲೂ ಭಾರದ, ಬಿರುಸಿನ ಸಂಗೀತ) ಅಂತ ಕೇಳಿ ಬೆಳೆದ ಸದ್ದಿನಲ್ಲಿ ಇವರ ಕಿವಿ ಇದೆ. 2020ರಲ್ಲಿ ತೀರಿಕೊಂಡರು.

ಇನ್ನೊಬ್ಬ ಒಂಬತ್ತು ವರ್ಷದ ಹುಡುಗ. 1973ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಡೀಪ್ ಪರ್ಪಲ್ ಬಂದಾಗ, ಟೆನಿಸ್ ಆಟಗಾರನಾದ ಅಪ್ಪನ ಜೊತೆ ಕಛೇರಿಗೆ ಹೋಗಿದ್ದ. ಆ ರಾತ್ರಿ ಅವನ ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ. ಹೆಸರು ಲಾರ್ಸ್ ಉಲ್ರಿಕ್. ಬೆಳೆದು ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡ್ ಕಟ್ಟಿದರು. 2016ರಲ್ಲಿ ಡೀಪ್ ಪರ್ಪಲ್ ‘ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್’ ಸೇರಿದಾಗ ವೇದಿಕೆ ಮೇಲೆ ನಿಂತು ಅವರನ್ನು ಬರಮಾಡಿಕೊಂಡವರು ಇದೇ ಉಲ್ರಿಕ್.

2012ರಲ್ಲಿ, ಆಲ್ಬಂಗೆ ನಲವತ್ತು ತುಂಬಿದಾಗ, ಬೇರೆ ಬೇರೆ ಕಲಾವಿದರು ಈ ಹಾಡುಗಳನ್ನು ತಮ್ಮ ರೀತಿಯಲ್ಲಿ ನುಡಿಸಿದ ‘ರೀ-ಮಷೀನ್ಡ್’ ಬಂತು. ಅದರಲ್ಲಿ ಸಂತಾನಾ ಇದ್ದಾರೆ, ಐರನ್ ಮೇಡನ್ ಇದೆ, ಮೆಟಾಲಿಕಾ ಇದೆ. ಮೆಟಾಲಿಕಾ ಆರಿಸಿಕೊಂಡಿದ್ದು ‘ವೆನ್ ಅ ಬ್ಲೈಂಡ್ ಮ್ಯಾನ್ ಕ್ರೈಸ್’. ಅದೇ ದಿನಗಳಲ್ಲಿ ರೆಕಾರ್ಡ್ ಆಗಿಯೂ ಆಲ್ಬಂನಿಂದ ಹೊರಗುಳಿದು, ‘ನೆವರ್ ಬಿಫೋರ್’ ಸಿಂಗಲ್‌ನ ಹಿಂಬದಿಗೆ ಹೋದ ಹಾಡು ಅದು. ಹುಡುಕಿ ಕೇಳಿ, ಕಣ್ಣು ತೇವ ಆಗುತ್ತದೆ.

ಅರ್ಮೇನಿಯಾದ ಭೂಕಂಪದ ವಿಷಯವನ್ನೂ ಬಿಡುವ ಹಾಗಿಲ್ಲ. 1988ರಲ್ಲಿ ಅಲ್ಲಿ ಭಾರಿ ಭೂಕಂಪ ಆಯಿತು. ನೊಂದವರಿಗೆ ಹಣ ಕೂಡಿಸೋಕೆ ಬ್ರಿಟನ್‌ನ ರಾಕ್ ಕಲಾವಿದರು ಒಂದಾದಾಗ ಮತ್ತೆ ನುಡಿಸಿದ್ದು ‘ಸ್ಮೋಕ್ ಆನ್ ದ ವಾಟರ್’. ಗಿಲನ್, ಬ್ಲ್ಯಾಕ್‌ಮೋರ್ ಜೊತೆಗೆ ಟೋನಿ ಅಯೋಮಿ, ಬ್ರಯನ್ ಮೇ, ಡೇವಿಡ್ ಗಿಲ್ಮೋರ್, ಬ್ರೂಸ್ ಡಿಕಿನ್ಸನ್ ಎಲ್ಲ ಸೇರಿದರು. ಎಲ್ಲರಿಗೂ ಮೊದಲೇ ಬರುತ್ತಿದ್ದ ಹಾಡು ಅದು.

ಬೆಂಗಳೂರಿಗೆ ಇದರ ನಂಟು ಏನಾದರೂ ಇದೆಯಾ?

ಇದೆ. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೇ ಬಂದು ನುಡಿಸಿತು. ಬ್ಲ್ಯಾಕ್‌ಮೋರ್ ಆಗ ಬ್ಯಾಂಡ್ ಬಿಟ್ಟು ವರ್ಷಗಳಾಗಿದ್ದವು, ಗಿಟಾರ್ ಸ್ಟೀವ್ ಮೋರ್ಸ್ ಕೈಯಲ್ಲಿತ್ತು. ಮಾರ್ಟಿನ್ ಬರ್ಚ್ ರೂಪಿಸಿದ ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿತು. ಕೋಪನ್‌ಹೇಗನ್‌ನ ಆ ಹುಡುಗ ಕಟ್ಟಿದ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಬಂತು. ಮಾಂಟ್ರೂ ಹೋಟೆಲಿನ ಕಾರಿಡಾರ್‌ನಿಂದ ಹೊರಟ ದಾರಿಯ ಒಂದು ಕವಲು ನಮ್ಮ ಬಳ್ಳಾರಿ ರಸ್ತೆಯ ಪಕ್ಕಕ್ಕೇ ಬಂದು ಸೇರಿದೆ.

ಆದರೆ ಈ ಸಂಗೀತ ಅದಕ್ಕೂ ಎಷ್ಟೋ ಮುಂಚೆ, ದೊಡ್ಡ ವೇದಿಕೆ ಇಲ್ಲದೆಯೇ ಇಲ್ಲಿಗೆ ಬಂದಿತ್ತು. ನಮ್ಮ ಹಾಸ್ಟೆಲ್‌ಗೆ ಬಂದಿದ್ದು ಯಾರದೋ ಅಣ್ಣ ಬೆಂಗಳೂರಿನಿಂದ ತಂದ ಕ್ಯಾಸೆಟ್ ಆಗಿ. ಕಾಪಿಯ ಕಾಪಿ ಅದು. ಎರಡನೇ ಬದಿ ಶುರುವಾಗೋದು ‘ಸ್ಮೋಕ್’ನಿಂದ. ಆ ಜಾಗದಲ್ಲೇ ಜಾಸ್ತಿ ಸಲ ತಿರುಗಿಸಿ ಟೇಪು ಸವೆದಿತ್ತು, ರಿಫ್ ಸ್ವಲ್ಪ ಓಲಾಡುತ್ತಾ ಬರುತ್ತಿತ್ತು. ಬ್ಯಾಟರಿ ಉಳಿಸೋಕೆ ಪೆನ್ನು ತೂರಿಸಿ ಕೈಯಲ್ಲೇ ರಿವೈಂಡ್ ಮಾಡುತ್ತಿದ್ದೆವು. ರೂಮಿನಲ್ಲಿ ಒಂದೇ ಗಿಟಾರ್, ಐದು ತಂತಿ ಇತ್ತು. ನಾಲ್ಕು ಜನ ಸರದಿಯಲ್ಲಿ ಅದೇ ನಾಲ್ಕು ಸ್ವರ ಹುಡುಕುತ್ತಿದ್ದೆವು. ಸಿಕ್ಕ ರಾತ್ರಿ ಯಾರೂ ಮಲಗಲಿಲ್ಲ.

ಇದು ಹಾರ್ಡ್ ರಾಕಾ, ಹೆವಿ ಮೆಟಲ್ಲಾ?

ಹಾರ್ಡ್ ರಾಕ್. ಮೆಟಲ್‌ನವರು ಇದನ್ನು ತಮ್ಮ ತವರು ಅನ್ನುತ್ತಾರೆ, ಅದೂ ಸರಿ.

ಅವರು ಬಹಳ ಜೋರಾಗಿ ನುಡಿಸುತ್ತಿದ್ದರು ಅಂತ ಕೇಳಿದ್ದೇನೆ?

ಹೌದು. 1972ರಲ್ಲಿ ಲಂಡನ್ನಿನ ರೈನ್‌ಬೋ ಥಿಯೇಟರ್‌ನಲ್ಲಿ ಸದ್ದು 117 ಡೆಸಿಬೆಲ್ ಮುಟ್ಟಿತ್ತು. ಅದರಿಂದ ‘ಅತಿ ಜೋರಿನ ಬ್ಯಾಂಡ್’ ಅಂತ ಗಿನ್ನೆಸ್ ಪುಸ್ತಕಕ್ಕೂ ಸೇರಿದರು. ಆದರೆ ಈ ಆಲ್ಬಂ ಕೇಳೋಕೆ ಅಷ್ಟು ವಾಲ್ಯೂಮ್ ಬೇಡ. ಕಿವಿ ಒಂದೇ ಜೊತೆ ಇರೋದು, ಜೋಪಾನ ಮಾಡಿಕೊಳ್ಳಿ.

ಆ ಐದು ಜನ ಮುಂದೆಯೂ ಒಟ್ಟಿಗೆ ಇದ್ದರಾ?

ಜಾಸ್ತಿ ದಿನ ಇಲ್ಲ. ಎಡೆಬಿಡದ ಪ್ರವಾಸ, ದಣಿವು, ಬ್ಲ್ಯಾಕ್‌ಮೋರ್ ಮತ್ತು ಗಿಲನ್ ನಡುವಿನ ಮನಸ್ತಾಪ. 1973ರ ಮಧ್ಯದಲ್ಲಿ ಗಿಲನ್, ಗ್ಲೋವರ್ ಹೊರಬಂದರು. 1984ರಲ್ಲಿ ಮತ್ತೆ ಐದೂ ಜನ ಸೇರಿದರು, ಮತ್ತೆ ಒಡೆದರು. ಜಾನ್ ಲಾರ್ಡ್ 2012ರ ಜುಲೈನಲ್ಲಿ ತೀರಿಕೊಂಡರು. ಬ್ಯಾಂಡ್‌ನ ಎಲ್ಲ ಕೂಟಗಳಲ್ಲೂ ಇದ್ದವರು ಇಯಾನ್ ಪೇಸ್ ಒಬ್ಬರೇ.

ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮೊದಲು ಮೂಲ ಆಲ್ಬಂ, ಹೆಡ್‌ಫೋನ್ ಹಾಕಿಕೊಂಡು, ಮೊದಲಿನಿಂದ ಕೊನೆವರೆಗೆ. ಆಮೇಲೆ ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ನಡೆದ ಕಛೇರಿಗಳ ರೆಕಾರ್ಡಿಂಗ್. ಅದರ ಏಳು ಹಾಡಿನಲ್ಲಿ ನಾಲ್ಕು ‘ಮಷೀನ್ ಹೆಡ್’ನವು. ಸ್ಟುಡಿಯೋದಲ್ಲಿ ಗಿಡವಾಗಿದ್ದ ಹಾಡುಗಳು ಅಲ್ಲಿ ಮರವಾಗಿ ನಿಂತಿವೆ.

2024ರಲ್ಲಿ ಹೊಸ ಮಿಕ್ಸ್ ಒಂದು, ಅಂದರೆ ಅದೇ ಟೇಪುಗಳ ಸದ್ದನ್ನು ಹೊಸದಾಗಿ ಬೆರೆಸಿದ ರೂಪ, ಬಂದಿದೆ. ಮಾಡಿದವರು ಡ್ವೀಜಿಲ್ ಜಪ್ಪಾ. ಆ ರಾತ್ರಿ ಕ್ಯಾಸಿನೋದಲ್ಲಿ ನುಡಿಸುತ್ತಿದ್ದ ಫ್ರಾಂಕ್ ಜಪ್ಪಾ ಅವರ ಮಗ. ಅಪ್ಪನ ವಾದ್ಯಗಳು ಸುಟ್ಟ ಬೆಂಕಿಯಿಂದ ಹುಟ್ಟಿದ ಹಾಡಿನ ಟೇಪುಗಳು ಐವತ್ತು ವರ್ಷ ದಾಟಿ ಮಗನ ಕೈಗೆ ಬಂದವು. ಆದರೂ ಮೊದಲ ಸಲಕ್ಕೆ ಹಳೆಯ ಮಿಕ್ಸ್ ಕೇಳಿ ಅಂತಲೇ ಹೇಳುತ್ತೇನೆ.

ಮಗಳು ಗಿಟಾರ್ ಕ್ಲಾಸಿಗೆ ಸೇರಿದ್ದಾಳೆ. ಈ ರಿಫ್ ಹೇಗೆ ಹೇಳಿಕೊಡಲಿ?

ಒಂದೇ ತಂತಿಯ ಮೇಲೆ ಕಲಿಸುವವರಿದ್ದಾರೆ. ಬೇಡ, ಮೊದಲ ದಿನದಿಂದಲೇ ಸರಿಯಾದ ರೀತಿ ಕಲಿಯಲಿ, ಅದೂ ಅಷ್ಟೇ ಸುಲಭ. ಕೆಳಗಿನ ಸಣ್ಣ ತಂತಿಯಿಂದ ಎಣಿಸಿದರೆ ಮೂರನೆಯದು, ನಾಲ್ಕನೆಯದು, ಈ ಎರಡು ಸಾಕು. ಮೊದಲು ಎರಡನ್ನೂ ಬಿಟ್ಟ ತಂತಿಯಾಗಿ, ಎಲ್ಲೂ ಬೆರಳು ಒತ್ತದೆ, ನುಡಿಸಬೇಕು. ಆಮೇಲೆ ಒಂದೇ ಬೆರಳನ್ನು ಎರಡರ ಮೇಲೂ ಅಡ್ಡ ಒತ್ತಿ ಮೂರನೇ ಮನೆ (ಫ್ರೆಟ್), ಐದನೇ ಮನೆ. ಎರಡನೇ ಸಲ: ಬಿಟ್ಟದ್ದು, ಮೂರು, ಆರು, ಐದು. ಮೂರನೇ ಸಲ: ಬಿಟ್ಟದ್ದು, ಮೂರು, ಐದು, ಮೂರು, ಬಿಟ್ಟದ್ದು. ಬಲಗೈಯಲ್ಲಿ ಪಿಕ್ ಬೇಡ. ಹೆಬ್ಬೆರಳು, ತೋರುಬೆರಳು ಎರಡರಿಂದ ಒಟ್ಟಿಗೆ ಚಿವುಟಿದ ಹಾಗೆ ಎಳೆಯಲಿ.

ಮಕ್ಕಳು ಇದನ್ನು ಓಡಿಸಿಬಿಡುತ್ತಾರೆ. ಪ್ರತಿ ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲಿ ಬೆರಳು ಸಡಿಲಿಸಿ ಸದ್ದು ಕಡಿಯಬೇಕು. ಆ ನಡುವಿನ ಮೌನಕ್ಕೆ ನೀವು ಪಕ್ಕದಲ್ಲಿ ಕೂತು ಮೊಣಕಾಲ ಮೇಲೆ ತಾಳ ಹಾಕಿ. ಒಂದು ಸಂಜೆ ಸಾಕು, ಬರುತ್ತದೆ.